ಲಾಟೀನು ಬಿಟ್ಟು ಕೂರಿಗೆಗೆ

ಹೋದ ವಾರ ಲಾಟೀನಿನ ಬಗ್ಗೆ ಬರೆಯುತ್ತೇನೆಂದು ಹೇಳಿ ಅಂಕಣ ಮುಗಿಸಿದ್ದೆ. ಗಾಜಿನ ಬುರುಡೆ, ಬತ್ತಿ ಏರಿಸುವ ತಿರುಪು, ತಳದಲ್ಲಿ ಒತ್ತಿದ ಕಂಪನಿಯ ಮುದ್ರೆ, ಎಲ್ಲಕ್ಕೂ ಟಿಪ್ಪಣಿ ಸಿದ್ಧವಿದೆ. ಆದರೆ ಬರೆಯಲು ಕೂತರೆ ಲಾಟೀನಿಗಿಂತ ಅದರ ಎಣ್ಣೆ ತುಂಬಿ ಬಂದ ಡಬ್ಬವೇ ದೊಡ್ಡ ವಿಷಯ ಅನ್ನಿಸಿತು. ಬುಧವಾರದೊಳಗೆ ಬರಹ ತಲುಪಬೇಕು, ಆದ್ದರಿಂದ ಡಬ್ಬದಿಂದಲೇ ಶುರು.

ನಾಲ್ಕು ಗ್ಯಾಲನ್ ಹಿಡಿಯುವ ಚೌಕದ ತಗಡಿನ ಡಬ್ಬ, ಒಂದು ಮರದ ಪೆಟ್ಟಿಗೆಗೆ ಎರಡು. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಆಚೆ ಹಿಂದೂಪುರಕ್ಕೂ ರೈಲು ಬಂದ ಮೇಲೆ ಮಿಡಿಗೇಶಿ, ಮಧುಗಿರಿ, ಪಾವಗಡದ ಅಂಗಡಿಗಳಿಗೆ ಈ ಪೆಟ್ಟಿಗೆಗಳು ಎತ್ತಿನ ಗಾಡಿ ಏರಿ ಬಂದವು. ಎಣ್ಣೆ ಮುಗಿಯಿತು, ಡಬ್ಬ ಉಳಿಯಿತು. ಬಾಯಿ ಕತ್ತರಿಸಿ ಅಡ್ಡ ಕೋಲು ಹೊಡೆದರೆ ನೀರು ಸೇದಲು ಆಯಿತು. ಮುಚ್ಚಳ ಹಾಕಿಸಿದರೆ ಇಲಿ ಮುಟ್ಟದ ಹಿಟ್ಟಿನ ಡಬ್ಬ. ಬಿಡಿಸಿ ತಟ್ಟಿದರೆ ಕೊಟ್ಟಿಗೆಯ ಬಾಗಿಲಿಗೆ ತೇಪೆ. ಚೂರುಪಾರು ತಗಡಿನಲ್ಲಿ ಸಂತೆಯ ತಗಡು ಕೆಲಸದವನು ಬುಡ್ಡಿ ದೀಪ ಬೆಸೆದು ಮಾರಿದ, ಅದೇ ಎಣ್ಣೆ ಸುಡಲು. ಪರದೇಶದ ಮಾಲೆಲ್ಲ ನಮ್ಮನ್ನು ಹಾಳುಮಾಡಿತು ಎಂದು ಗೋಳಾಡುವ ಗೆಳೆಯರು ಈ ಡಬ್ಬದ ಮುಂದೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಯಾರೂ ಭಾಷಣ ಮಾಡಿ ಇದನ್ನು ಹಳ್ಳಿಗೆ ತರಲಿಲ್ಲ. ಜನ ತಾವೇ ನೋಡಿ, ತೂಗಿ, ಒಳಗೆ ಬಿಟ್ಟುಕೊಂಡರು.

ಒಳಗೆ ಬಿಟ್ಟುಕೊಳ್ಳದ ಮಾಲೂ ಇತ್ತು. ಅದರಲ್ಲಿ ಮೊದಲನೆಯದು ಮಣ್ಣು ಮಗುಚುವ ಕಬ್ಬಿಣದ ನೇಗಿಲು.

ಇದರ ಬಗ್ಗೆ ನನಗೊಂದು ಹಳೇ ಜಗಳವಿದೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ನೆಲೆಯೂರಿದ್ದು 1913ರಲ್ಲಿ, ಲೆಸ್ಲಿ ಕೋಲ್‌ಮನ್ ಕೈಕೆಳಗೆ. ಕೋಲ್‌ಮನ್ ದೊಡ್ಡ ಮನುಷ್ಯ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಮಲೆನಾಡಿನ ತೋಟಗಳನ್ನು ಉಳಿಸಿದವರು. ಆದರೆ ಆ ಕಾಲದ ಸುಧಾರಣೆಯ ಪಂಥಕ್ಕೆ ಒಂದು ಚಟ: ಕಬ್ಬಿಣದ ನೇಗಿಲು ಕೊಳ್ಳದ ರೈತನನ್ನು ಮೊಂಡ ಎಂದು ಬರೆದುಬಿಡುವುದು. ಇಂದಿಗೂ ಆ ಮಾತನ್ನು ನಕಲು ಮಾಡುವ ಪುಸ್ತಕಗಳಿವೆ. ನಮ್ಮ ಸೀಮೆಯ ಲೆಕ್ಕ ಕೇಳಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ತೆಳುವಾದ ಕೆಂಪು ಮಣ್ಣು. ಅದನ್ನು ಆಳಕ್ಕೆ ಮಗುಚಿದರೆ ಇದ್ದ ಹಸಿಯೂ ಆರುತ್ತದೆ. ಸಣ್ಣ ಎತ್ತಿಗೆ ಎಳೆಯಲಾಗದು, ಹೆಗಲ ಮೇಲೆ ಹೊತ್ತು ಹೊಲಕ್ಕೆ ಒಯ್ಯಲಾಗದು. ಎಲ್ಲಕ್ಕಿಂತ ಮುಖ್ಯ, ಎರಕದ ಕಬ್ಬಿಣ ಬಿರುಕು ಬಿಟ್ಟರೆ ಊರ ಕಮ್ಮಾರನ ಕುಲುಮೆಯಲ್ಲಿ ಕೂಡುವುದಿಲ್ಲ.

ಕಮ್ಮಾರನಿಗೆ ಕೊಡುತ್ತಿದ್ದುದು ದುಡ್ಡಲ್ಲ ಎಂಬುದನ್ನೂ ಮರೆಯಬೇಡಿ. ಹನ್ನೆರಡು ಆಯಗಾರರಲ್ಲಿ ಅವನೊಬ್ಬ, ಬಡಗಿ ಇನ್ನೊಬ್ಬ. ಸುಗ್ಗಿಯಲ್ಲಿ ಕಣದಿಂದ ರಾಗಿ ಅಳೆದು ಕೊಟ್ಟರೆ ವರ್ಷವಿಡೀ ಗುಳ ತಟ್ಟಿಕೊಡುವುದು, ಕುಡುಗೋಲು ಹಲ್ಲು ಕಡಿಯುವುದು ಅವನ ಹೊಣೆ. ಮರದ ನೇಗಿಲಿಗೆ ಸಂತೆಯಲ್ಲಿ ಬೆಲೆಯೇ ಇರಲಿಲ್ಲ, ಅದು ಸಂತೆಗೆ ಬರುತ್ತಲೇ ಇರಲಿಲ್ಲ. ಕಬ್ಬಿಣದ ನೇಗಿಲಿಗೆ ಮಾತ್ರ ರೊಕ್ಕ ಎಣಿಸಬೇಕು. ಹೀಗಿದ್ದೂ ಕೊಳ್ಳುವವನು ಜಾಣನೋ, ಬಿಡುವವನೋ?

ಕಬ್ಬಿಣಕ್ಕೆ ನಮ್ಮವರು ಹೊಸಬರಲ್ಲ. ಕೊರಟಗೆರೆ ಕಡೆಯ ಚನ್ನರಾಯನದುರ್ಗದ ಗುಡ್ಡಗಳಲ್ಲಿ ಮಳೆಗಾಲದ ಹಳ್ಳಗಳು ತಂದು ಚೆಲ್ಲುವ ಕರಿಮರಳನ್ನು ತೊಳೆದು, ಇದ್ದಿಲು ಹಾಕಿ, ತಿದಿ ಒತ್ತಿ ಕಬ್ಬಿಣ ಇಳಿಸುತ್ತಿದ್ದರು. ಈ ವಿಷಯಕ್ಕೆ ನನ್ನ ಮೆಚ್ಚಿನ ಪುಸ್ತಕ ಫ್ರಾನ್ಸಿಸ್ ಬುಕಾನನ್‌ನದು. 1800ರಲ್ಲಿ ಮೈಸೂರು ಸೀಮೆ ಸುತ್ತಲು ಹೊರಟ ಈ ವೈದ್ಯ ಬರೆದದ್ದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಉಕ್ಕು ಮಾಡುವುದನ್ನು ಅವನು ಅಡುಗೆಯ ಪಾಕ ಹೇಳುವಷ್ಟು ವಿವರವಾಗಿ ಹೇಳುತ್ತಾನೆ. ಹಸಿ ಜೇಡಿಯ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಮೇಲೆ ಎರಡು ಹಸಿರೆಲೆ, ಬಾಯಿಗೆ ಮಣ್ಣಿನ ಮುಚ್ಚಳ, ಆಮೇಲೆ ಕುಲುಮೆ. ತಂಗಡಿ ಎಂದರೆ ನಮ್ಮ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಆವರಿಕೆ. ಕಡ್ಡಿ ಸುಟ್ಟು ಬಿಡುವ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತದೆ. ಚನ್ನಪಟ್ಟಣದವರು ವಾದ್ಯಗಳಿಗೆ ಎಳೆದ ಉಕ್ಕಿನ ತಂತಿಗೆ ದಕ್ಷಿಣದಲ್ಲೆಲ್ಲ ಹೆಸರಿತ್ತು. ರೈಲಿನಲ್ಲಿ ಅಗ್ಗದ ಸಲಾಕೆ ಬಂದ ಮೇಲೆ ಕಬ್ಬಿಣ ಇಳಿಸುವ ಒಲೆಗಳು ಆರಿದವು, ಅದು ನಿಜವಾದ ನಷ್ಟ. ಕಮ್ಮಾರ ಮಾತ್ರ ಬದುಕಿದ, ಪರದೇಶದ ಸಲಾಕೆಯನ್ನೇ ಬಡಿದು ನಮ್ಮ ನೇಗಿಲಿಗೆ ಗುಳ ಹಾಕಿದ.

ಬುಕಾನನ್ ಹೆಸರು ಬಂತು, ಇನ್ನು ಲಾಟೀನಿನ ಮಾತು ಈ ವಾರ ಇಲ್ಲ. ಅವನ ಪುಸ್ತಕದಲ್ಲಿ ಕೂರಿಗೆಯೂ ಇದೆ, ಚಿತ್ರ ಸಮೇತ. ಅದರ ಹಿಂದೆ ಕಟ್ಟುವ ಸಡ್ಡೆ, ಕಳೆ ತೆಗೆಯುವ ಕುಂಟೆ, ಹಲ್ಲು ಹಲ್ಲಿನ ಹಲುಬೆ, ಒಂದನ್ನೂ ಬಿಟ್ಟಿಲ್ಲ. ಅವನಿಗೂ ಮೊದಲು, 1790ರ ದಶಕದಲ್ಲಿ, ಥಾಮಸ್ ಹಾಲ್ಕಾಟ್ ಎಂಬ ಸೈನ್ಯದ ಕ್ಯಾಪ್ಟನ್ ಗುಂಟೂರು ಸೀಮೆಯಲ್ಲಿ ಇಂಥದ್ದೇ ಬಿತ್ತುವ ಸಾಧನ ಕಂಡು ಬೆರಗಾಗಿ ಬ್ರಿಟನ್ನಿನ ಕೃಷಿ ಮಂಡಳಿಗೆ ಬರೆದ. ಸಾಲು ಬಿತ್ತನೆ ಯುರೋಪಿನ ಹೊಸ ಶೋಧ ಎಂದುಕೊಂಡಿದ್ದವನಿಗೆ ಇಲ್ಲಿ ಅದು ಎಲ್ಲರ ಹೊಲದ ಮಾಮೂಲು. ಆ ಪತ್ರವನ್ನು ಧರ್ಮಪಾಲ್ 1971ರ ತಮ್ಮ ಪುಸ್ತಕದಲ್ಲಿ ಮತ್ತೆ ಅಚ್ಚು ಹಾಕಿಸಿದರು. 1893ರಲ್ಲಿ ವರದಿ ಒಪ್ಪಿಸಿದ ರಸಾಯನ ತಜ್ಞ ವೋಲ್ಕರ್ ಕೂಡ ಇಲ್ಲಿನ ಉಪಕರಣಗಳಲ್ಲಿ ತಿದ್ದುವುದು ಹೆಚ್ಚೇನೂ ಇಲ್ಲ ಎಂಬ ತೀರ್ಮಾನಕ್ಕೇ ಬಂದ.

ರಾಗಿ ಬಿತ್ತುವ ನಮ್ಮ ಕೂರಿಗೆಗೆ ಹನ್ನೆರಡು ತಾಳು. ದಿಂಡಿಗೆ ತಾಳು, ಪ್ರತಿ ತಾಳಿಗೂ ಒಂದು ಬಿದಿರ ಕೊಳವೆ, ಹನ್ನೆರಡೂ ಕೊಳವೆ ಮೇಲೆ ಹೋಗಿ ಸೇರುವುದು ಒಂದೇ ಮರದ ಬಟ್ಟಲಿಗೆ. ಬಟ್ಟಲಿಗೆ ಕೈ ಬಿಡುವವರ ಬೆರಳುಗಳಲ್ಲಿ ಇಡೀ ಯಂತ್ರದ ಜೀವ. ಬೆರಳು ಬಿಗಿದರೆ ಪೈರು ತೆಳ್ಳಗೆ, ಸಡಿಲಿದರೆ ಒತ್ತು. ಹಿಂದೆ ಸಡ್ಡೆಯಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ. ಸಾಲು ನೇರವಿರುವುದರಿಂದ ಮುಂದೆ ಕುಂಟೆ ಹೊಡೆದು ಕಳೆ ತೆಗೆಯಬಹುದು. ಇಷ್ಟಕ್ಕೂ ಬೇಕಾದ್ದು ಮರ, ಬಿದಿರು, ಹಗ್ಗ, ತಾಳಿನ ತುದಿಗೆ ಚೂರು ಕಬ್ಬಿಣ. ಇದರ ಎದುರಿಗೆ ಮಾರಲು ಯಾವ ಕಂಪನಿಗೂ ಏನೂ ಇರಲಿಲ್ಲ.

ಶಿರಾದ ಕುರುಬರು ಹುಣಸೆ ಬೀಜದ ಸರಿ ಎಳೆದು ಗಟ್ಟಿ ಮಾಡುವ ಕಂಬಳಿ, ತಲಪರಿಗೆಯ ನೀರು ತಾನಾಗಿ ಹರಿಯುತ್ತಿದ್ದ ತೋಟಗಳ ಸನಿಕೆ ಗುದ್ದಲಿ, ಇವಕ್ಕೆ ಬೇರೆ ವಾರ ಬೇಕು. ಅಲ್ಯೂಮಿನಿಯಂ ಪಾತ್ರೆಗೆ ನನ್ನಿಂದ ಒಂದು ವಾಕ್ಯವೂ ಸಿಗದು.

ಈಗ ಕೂರಿಗೆಯನ್ನು ಹೋಟೆಲು, ರೆಸಾರ್ಟುಗಳ ಗೋಡೆಗೆ ಮೊಳೆ ಹೊಡೆದು ನಿಲ್ಲಿಸುವ ಶೋಕಿ ಬಂದಿದೆ. ವಾರ್ನಿಷ್ ಬಳಿದು, ಕೊಳವೆ ಕಿತ್ತು, ತಲೆಕೆಳಗಾಗಿ. ಹಾಗೆ ನಿಲ್ಲಿಸಿದವರಿಗೆ ಬಟ್ಟಲು ಯಾವುದು, ತಾಳು ಯಾವುದು ಗೊತ್ತಿರುವುದಿಲ್ಲ. ನೋಡುವವರಿಗೂ ಇಲ್ಲ. ಮಿಡಿಗೇಶಿ, ದೊಡ್ಡೇರಿ, ಕೊಡಿಗೇನಹಳ್ಳಿ ಹೋಬಳಿಗಳ ಓದುಗರಲ್ಲಿ ನನ್ನದೊಂದು ಕೋರಿಕೆ. ಅಟ್ಟದ ಮೇಲೆ ಕೂರಿಗೆ ಇದ್ದರೆ ಗುಜರಿಯವನಿಗೆ ಕೊಡುವ ಮುನ್ನ ಅಳತೆ ಹಿಡಿಯಿರಿ: ತಾಳು ಎಷ್ಟು, ತಾಳಿಂದ ತಾಳಿಗೆ ಎಷ್ಟು ಬೆರಳು, ಬಟ್ಟಲು ಯಾವ ಮರದ್ದು, ಬಿತ್ತಿದ್ದು ರಾಗಿಯೋ ನವಣೆಯೋ. ಕೈ ಬಿಡುತ್ತಿದ್ದ ಅಜ್ಜಿಯರು ಮನೆಯಲ್ಲಿದ್ದರೆ ಅವರನ್ನು ಕೇಳಿ ಬರೆಯಿರಿ, ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಲಾಟೀನು ಮುಂದಿನ ವಾರ.