ಯಾವಾಗ ನಿಲ್ಲಿಸಬೇಕು ಅಂತ ಬರೆದಿಲ್ಲ

ಶಿವಮೊಗ್ಗ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಮೂರು ಬಗೆಯ ಪುಸ್ತಕಕ್ಕೆ ಯಾವತ್ತೂ ಬರ ಇಲ್ಲ: ಪಂಚಾಂಗ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಮತ್ತು ಮನೆಮದ್ದು. ತೀರ್ಥಹಳ್ಳಿ ಬಸ್ಸು ಹೊರಡೋಕೆ ಹತ್ತು ನಿಮಿಷ ಇದೆ ಅನ್ನುವಾಗ ನಾನು ಮೂರನೆಯದನ್ನು ಕೊಂಡೆ. ಹೊರಟಿದ್ದು ಮಂಡಗದ್ದೆ ಹತ್ತಿರದ ದೊಡ್ಡಮ್ಮನ ಮನೆಗೆ. ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ ದಾಟಿ, ತುಂಗೆಯ ನಡುವಿನ ಮರಗಳು ಕಾಣಿಸೋ ಹೊತ್ತಿಗೆ ಅರ್ಧ ಪುಸ್ತಕ ಓದಿ ಮುಗಿದಿತ್ತು. ಮಳೆಗಾಲದಲ್ಲಿ ಆ ಮರಗಳ ತುಂಬ ಬೆಳ್ಳಕ್ಕಿಗಳ ಗೂಡು. ಅವತ್ತು ಜನವರಿ, ಮರಗಳು ಖಾಲಿ. ನನ್ನ ತಲೆ ಮಾತ್ರ ಗಿಡಮೂಲಿಕೆಗಳಿಂದ ತುಂಬಿಹೋಗಿತ್ತು.

ಈ ಪುಸ್ತಕಗಳನ್ನು ನೀವೂ ನೋಡಿರ್ತೀರಿ. ಪುಸ್ತಕ ಕೊಳ್ಳದವರು ಇದನ್ನೇ ಮೊಬೈಲಿನಲ್ಲಿ, ಹಿನ್ನೆಲೆಗೆ ಕೊಳಲು ಇಟ್ಟ ಮೂವತ್ತು ಸೆಕೆಂಡಿನ ವಿಡಿಯೊ ಆಗಿ ನೋಡಿರ್ತೀರಿ. ಕಟ್ಟೋಣ ಎಲ್ಲದರಲ್ಲೂ ಒಂದೇ. ಎಡಕ್ಕೆ ಕಾಯಿಲೆ, ಬಲಕ್ಕೆ ಸೊಪ್ಪು. ಕೆಮ್ಮಾ? ಆಡುಸೋಗೆ. ಕಾಮಾಲೆಯಾ? ನೆಲನೆಲ್ಲಿ. ಜ್ವರವಾ? ಅಮೃತಬಳ್ಳಿ. ಅಕಾರಾದಿಯಲ್ಲಿ ಅಜೀರ್ಣದಿಂದ ಹಿಡಿದು ಹುಳುಕಡ್ಡಿವರೆಗೆ.

ಇಂಥ ಪುಸ್ತಕಗಳನ್ನು ಹೀಗಳೆಯೋದು ಸುಲಭ, ನನಗೆ ಅದು ಇಷ್ಟ ಇಲ್ಲ. ನಮ್ಮಂಥವರು ಇವನ್ನು ಕೊಳ್ಳೋದಕ್ಕೆ ಕಾರಣ ಇದೆ. ಸಣ್ಣ ನೆಗಡಿಗೂ ಆ್ಯಪ್ ತೆಗೆದು ಮಾತ್ರೆ ತರಿಸಿ ಸಾಕಾಗಿದೆ. ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ದೊಡ್ಡಪತ್ರೆಯ ಒಂದು ಕುಂಡ ಇದ್ದರೆ ಊರು ಜೊತೆಗಿದ್ದ ಹಾಗೆ. ಇದರಲ್ಲಿ ಟೊಳ್ಳೇನೂ ಇಲ್ಲ. ಕೆಮ್ಮಿಗೆ ಡಾಕ್ಟರು ಬರೆಯೋ ಬ್ರೋಮ್‌ಹೆಕ್ಸಿನ್ ಅನ್ನೋ ಔಷಧ ಹುಟ್ಟಿದ್ದೇ ಆಡುಸೋಗೆಯ ವ್ಯಾಸಿಸಿನ್ ಅನ್ನೋ ಅಂಶವನ್ನು ಮಾದರಿಯಾಗಿಟ್ಟುಕೊಂಡು. ಹಾಗಾಗಿ ಸೊಪ್ಪಿನಲ್ಲಿ ಮದ್ದು ಇದೆಯಾ ಇಲ್ಲವಾ ಅನ್ನೋ ಹಳೇ ಜಗಳ ನನಗೆ ಬೇಡ. ಮದ್ದು ಇದೆ ಅಂತಲೇ ಇಟ್ಟುಕೊಳ್ಳೋಣ. ಇದ್ದರೆ ಆ ಪುಸ್ತಕ ನಮಗೆ ಇನ್ನೇನೇನು ಹೇಳಬೇಕಿತ್ತು? ನನ್ನ ತಕರಾರು ಅಲ್ಲಿಂದ ಶುರು.

ಮೊದಲನೆಯದು, ಗುರುತು. ನನ್ನ ಪುಸ್ತಕದಲ್ಲಿ ‘ಬ್ರಾಹ್ಮಿ’ ಅಂತಿದೆ, ಚಿತ್ರ ಇಲ್ಲ. ನಮ್ಮ ಕಡೆ ಬ್ರಾಹ್ಮಿ ಅಂದರೆ ಒಂದೆಲಗ, ಗದ್ದೆ ಬದುವಿನಲ್ಲಿ ಹರಿಯೋ ದುಂಡೆಲೆಯ ಬಳ್ಳಿ. ಆಯುರ್ವೇದದ ಅಂಗಡಿಯಲ್ಲಿ ಬ್ರಾಹ್ಮಿ ಪುಡಿ ಅಂತ ಕೇಳಿದರೆ ಸಿಗೋದು ಹೆಚ್ಚಾಗಿ ನೀರುಬ್ರಾಹ್ಮಿ, ಸಣ್ಣ ದಪ್ಪ ಎಲೆಯ ಬೇರೆಯದೇ ಗಿಡ. ಇವೆರಡೂ ಅದಲುಬದಲಾದರೆ ದೊಡ್ಡ ಅನಾಹುತ ಆಗಲಿಕ್ಕಿಲ್ಲ. ಆದರೆ ಹಾಲೆ ಮರದ ವಿಷಯ ಹಾಗಲ್ಲ. ಘಟ್ಟದ ಕೆಳಗೆ ಆಟಿ ಅಮಾವಾಸ್ಯೆ ದಿನ ಬೆಳಕು ಹರಿಯೋ ಮುಂಚೆ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಲ್ಲಿ ಜಜ್ಜಿ ತೊಗಟೆ ತಂದು ಕಷಾಯ ಮಾಡ್ತಾರೆ. ಆ ಕತ್ತಲಲ್ಲಿ ಹಾಲೆ ಬದಲು ಕಾಸರಕನ ತೊಗಟೆ ಕೈಗೆ ಬಂದರೆ ಕುಡಿದವರ ಜೀವಕ್ಕೇ ಸಂಚಕಾರ, ಯಾಕೆಂದರೆ ಕಾಸರಕದಲ್ಲಿರೋದು ಸ್ಟ್ರಿಕ್ನಿನ್. ಗುರುತು ಏನು? ಹಾಲೆಗೆ ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತೆ, ಕಾಸರಕಕ್ಕೆ ಹಾಲಿಲ್ಲ. ಇಷ್ಟೇ, ಒಂದು ಸಾಲು. ನನ್ನ ಪುಸ್ತಕದಲ್ಲಿ ಹಾಲೆ ತೊಗಟೆಗೆ ಅರ್ಧ ಪುಟ ಇದೆ. ಆ ಸಾಲು ಮಾತ್ರ ಇಲ್ಲ.

ಕನ್ನಡದಲ್ಲಿ ಗಿಡದ ಬಗ್ಗೆ ಬರೆಯೋ ರೀತಿಯೇ ಹೀಗೆ ಅಂತ ಹೇಳೋ ಹಾಗೂ ಇಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಮ್ಮಲ್ಲೇ ಇದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟ್ರು ಬರೆದ ಪುಸ್ತಕ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಮನೆಮದ್ದಿನ ಪುಸ್ತಕ ಅಲ್ಲವೇ ಅಲ್ಲ. ಆದರೂ ಓದಿ ಮುಗಿಸಿದವರು ದಾರಿಬದಿಯ ಗಿಡದ ಹತ್ತಿರ ನಿಂತು ಎಲೆ ತಿರುವಿ ನೋಡ್ತಾರೆ. ಚಿತ್ರಗಳನ್ನು ಸ್ವಾಮಿಯವರೇ ಬರೆದಿದ್ದಾರೆ. ಗಿಡವನ್ನು ಕಣ್ಣಿಗೆ ತೋರಿಸೋ ಕೆಲಸ ಕನ್ನಡದಲ್ಲಿ ಇಷ್ಟು ಚೆನ್ನಾಗಿ ಆಗಿದೆ. ಗಿಡವನ್ನು ಹೊಟ್ಟೆಗೆ ತಗೊಳ್ಳಿ ಅನ್ನೋ ಪುಸ್ತಕ ಅದಕ್ಕಿಂತ ಕಡಿಮೆ ತೋರಿಸಿದರೆ ಹೇಗೆ?

ಎರಡನೆಯದು, ಅಳತೆ. ದೊಡ್ಡಮ್ಮನ ಮನೆಯಲ್ಲಿ ಒಂದು ತೇಯುವ ಕಲ್ಲಿದೆ. ಎಳೆಮಕ್ಕಳಿಗೆ ಬಜೆ ಕೊಡುವಾಗ ಅಳತೆ ಚಮಚದಲ್ಲಲ್ಲ, ಸುತ್ತಿನಲ್ಲಿ. ಬಜೆಯ ಕೊಂಬನ್ನು ಕಲ್ಲಿನ ಮೇಲೆ ಒಂದು ಸುತ್ತು ತೇಯಬೇಕು, ಅಷ್ಟೇ. ನಾಲಿಗೆಗೆ ಬಣ್ಣ ಹತ್ತಿದರೆ ಹತ್ತಿತು. ನನ್ನ ಪುಸ್ತಕ ಅದನ್ನೇ ‘ಅರ್ಧ ಚಮಚ ಬಜೆ ಪುಡಿ, ಜೇನಿನೊಂದಿಗೆ’ ಅಂತ ಬರೆದಿದೆ. ಸುತ್ತು ಚಮಚ ಆಗುವಾಗ ಎಷ್ಟು ಪಟ್ಟು ಏರಿತು ಅಂತ ಬರೆದವರು ಲೆಕ್ಕ ಹಾಕಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡ ಅಂತ ಇವತ್ತಿನ ಮಕ್ಕಳ ಡಾಕ್ಟರುಗಳೆಲ್ಲ ಹೇಳ್ತಾರೆ, ಬಾಟುಲಿಸಂ ಅನ್ನೋ ಕಾಯಿಲೆಯ ಭಯದಿಂದ. ಅದೂ ಪುಸ್ತಕಕ್ಕೆ ಗೊತ್ತಿಲ್ಲ.

ಇಲ್ಲಿ ದೊಡ್ಡಮ್ಮನನ್ನು ಪೂರ್ತಿ ಪಾರು ಮಾಡೋಕೆ ನನಗೂ ಆಗಲ್ಲ. ಬಜೆಯಲ್ಲಿರೋ ಬೀಟಾ-ಅಸರೋನ್ ಇಲಿಗಳಲ್ಲಿ ಗಡ್ಡೆ ತರುತ್ತೆ ಅಂತ ಕಂಡು, ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬೆರೆಸೋದನ್ನು ನಿಷೇಧಿಸಿದರು. ಇದನ್ನು ಹೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಬ್ಯಾಡ ಬಿಡು, ನಾನು ಕೊಟ್ಟಿದ್ದು ಹೆಚ್ಚೇನಲ್ಲ” ಅಂದರು. ಎಪ್ಪತ್ತು ದಾಟಿದ ಮೇಲೂ ಹೊಸ ಮಾತು ಕೇಳಿ ಹಳೆಯದನ್ನು ಕೈಬಿಡಬಲ್ಲರು. ಪುಸ್ತಕ ಎಷ್ಟು ಸಲ ಮುದ್ರಣ ಆದರೂ ತನ್ನ ಅರ್ಧ ಚಮಚ ಬಿಡಲ್ಲ.

ಮೂರನೆಯದನ್ನು ಹೇಳೋಕೇ ಈ ಬರಹಕ್ಕೆ ಕೂತಿದ್ದು.

ನಾನು ಹೋದ ಮರುದಿನ ದೊಡ್ಡಮ್ಮ ಸಾಗರದಲ್ಲಿ ಮದುವೆ ಅಂತ ಹೊರಟರು. ಎರಡು ದಿನ ಮನೆಯಲ್ಲಿ ನಾನು, ಅಣ್ಣ, ಅಂದರೆ ಅವರ ಮಗ, ಇಬ್ಬರೇ. ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ವರ್ಕ್ ಫ್ರಮ್ ಹೋಮ್. ಅವತ್ತೇ ಸಂಜೆ ಅಣ್ಣನಿಗೆ ಜ್ವರ ಬಂತು, ತಲೆನೋವು, ಮೈಕೈ ನೋವು. ನನಗೆ ಒಳಗೊಳಗೇ ಖುಷಿ ಆಯ್ತು ಅಂತ ಒಪ್ಪಿಕೊಳ್ಳೋಕೆ ಈಗ ನಾಚಿಕೆ. ಪುಸ್ತಕ ತೆಗೆದೆ. ಬೇಲಿಯ ಅಮೃತಬಳ್ಳಿ ಕೊಯ್ದು, ಜಜ್ಜಿ, ಕಾಳುಮೆಣಸು ಶುಂಠಿ ಹಾಕಿ ಕುದಿಸಿ ಬತ್ತಿಸಿದೆ. ‘ಜ್ವರ ಇಳಿಯುವವರೆಗೆ ದಿನಕ್ಕೆ ಮೂರು ಬಾರಿ’ ಅಂತ ಪುಸ್ತಕ. ಮೂರು ಬಾರಿ ಕೊಟ್ಟೆ. ಮಾರನೇ ದಿನ ಜ್ವರ ಇಳಿಯಲಿಲ್ಲ, ಮತ್ತೆ ಮೂರು ಬಾರಿ. ಆಸ್ಪತ್ರೆಗೆ ಹೋಗೋಣವಾ ಅಂತ ಅಣ್ಣ ಕೇಳಿದ. ಇನ್ನೊಂದು ದಿನ ನೋಡೋಣ ಅಂದವಳು ನಾನೇ.

ದೊಡ್ಡಮ್ಮ ಬಂದವರು ಕಷಾಯದ ಪಾತ್ರೆ ಕಡೆ ನೋಡಲೂ ಇಲ್ಲ. ಸೀದಾ ಅಣ್ಣನ ಹಾಸಿಗೆ ಹತ್ತಿರ ಹೋಗಿ, “ಯಾವತ್ತಿಂದ? ವಾರದ ಈಚೆಗೆ ದರಗು ತರಕ್ಕೆ ಗುಡ್ಡಕ್ಕೆ ಹೋಗಿದ್ಯನಾ? ಅಲ್ಲೆಲ್ಲಾದ್ರೂ ಮಂಗ ಸತ್ತ ಸುದ್ದಿ ಇತ್ತನಾ?” ಅಂತ ಕೇಳಿದರು. ಗುಡ್ಡಕ್ಕೆ ಹೋಗಿದ್ದ. ಕೊಟ್ಟಿಗೆಗೆ ಹಾಸೋಕೆ ಒಣಗಿದೆಲೆ ಗುಡಿಸಿ ತಂದಿದ್ದ. “ಎಂತ ಮಾರಾಯ್ತಿ, ಎರಡು ದಿನ ಇಟ್ಕಂಡು ಕೂತಿದ್ಯಲೆ” ಅಂದರು ನನಗೆ. ಅರ್ಧ ಗಂಟೆಯಲ್ಲಿ ಜೀಪು ಬಂತು.

ಓದುತ್ತಿರೋ ನಿಮಗೆ ಇದು ಅತಿ ಅನ್ನಿಸಬಹುದು. ಆದರೆ ಇದು ಕ್ಯಾಸನೂರು ಇರೋ ಜಿಲ್ಲೆ. ಸೊರಬ ತಾಲ್ಲೂಕಿನ ಆ ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು, ಹೊಸದೊಂದು ವೈರಸ್ಸಿಗೆ ಆ ಊರಿನ ಹೆಸರೇ ಬಂತು. ನಾವು ಮಂಗನ ಕಾಯಿಲೆ ಅನ್ನೋದು ಅದನ್ನೇ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರಿಂದ ನಲುಗಿತು. ತೀರ್ಥಹಳ್ಳಿ ತಾಲ್ಲೂಕಿಗೂ ಅದು ಹೊಸದಲ್ಲ. ಹರಡೋದು ಉಣುಗಿನಿಂದ, ಬೇಸಿಗೆ ಮುಗಿಯೋವರೆಗೆ ಅದರ ಕಾಲ, ಒಣಗಿದೆಲೆ ಗುಡಿಸೋರಿಗೆ, ಸೌದೆಗೆ ಹೋಗೋರಿಗೆ ಹೆಚ್ಚು ಅಪಾಯ. ಸೋಂಕು ತಗುಲಿದ ನೂರರಲ್ಲಿ 3ರಿಂದ 5 ಜನ ಸಾಯಬಹುದು. ಇದಕ್ಕೆಂದೇ ಮಾಡಿದ ಔಷಧ ಆಸ್ಪತ್ರೆಯಲ್ಲೂ ಇಲ್ಲ, ನಿಜ. ಆದರೆ ರಕ್ತ ಪರೀಕ್ಷೆ ಇದೆ, ಡ್ರಿಪ್ ಇದೆ, ಎಲ್ಲಿಂದಾದರೂ ರಕ್ತಸ್ರಾವ ಶುರುವಾಯ್ತಾ ಅಂತ ನೋಡ್ತಾ ಕೂರೋ ಕಣ್ಣು ಇದೆ. ಬದುಕಿ ಉಳಿಯೋದು ಅದರಿಂದ.

ಅಣ್ಣನ ರಿಪೋರ್ಟ್ ನೆಗೆಟಿವ್ ಬಂತು. ಯಾವುದೋ ಮಾಮೂಲಿ ವೈರಲ್ ಜ್ವರ, ಐದನೇ ದಿನಕ್ಕೆ ಎದ್ದು ಕೂತ. “ನಿನ್ನ ಕಷಾಯನೇ ಕೆಲ್ಸ ಮಾಡ್ತು ಕಣೇ” ಅಂತ ಈಗಲೂ ತಮಾಷೆ ಮಾಡ್ತಾನೆ. ನನಗೆ ಭಯ ಆಗೋದೇ ಆ ಮಾತಿಗೆ.

ಯಾಕೆಂದರೆ ಈ ಪುಸ್ತಕಗಳು ಬದುಕಿರೋದೇ ನೆಗೆಟಿವ್ ರಿಪೋರ್ಟುಗಳ ಮೇಲೆ. ಹೆಚ್ಚಿನ ಜ್ವರ ತಾನಾಗೇ ಇಳಿಯುತ್ತೆ, ಆಗ ಕುಡಿದ ಕಷಾಯಕ್ಕೆ ಹೆಸರು ಬರುತ್ತೆ. ಕಲುಷಿತ ನೀರಿನಿಂದ ಬರೋ ಕಾಮಾಲೆ ಹೆಚ್ಚಿನವರಿಗೆ ತಾನಾಗೇ ವಾಸಿಯಾಗುತ್ತೆ, ಆಗ ನೆಲನೆಲ್ಲಿಗೆ ಹೆಸರು. ಪಿತ್ತನಾಳದಲ್ಲಿ ಕಲ್ಲು ಕೂತು ಬಂದ ಕಾಮಾಲೆಗೆ ನೆಲನೆಲ್ಲಿ ಏನೂ ಮಾಡಲಾರದು, ಆದರೆ ಅಲ್ಲಿ ಸೋತವರು ಪುಸ್ತಕ ಬರೆಯಲ್ಲ. ನೆಲನೆಲ್ಲಿಯ ಮೇಲೆ ಮದ್ರಾಸಿನಲ್ಲಿ ನಡೆದ ಅಧ್ಯಯನವೊಂದು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಾಗ ಜಗತ್ತೇ ತಿರುಗಿ ನೋಡಿತ್ತು, ಹೆಪಟೈಟಿಸ್-ಬಿಗೆ ಮದ್ದು ಸಿಕ್ಕಿತು ಅಂತ. ಆಮೇಲಿನ ಪರೀಕ್ಷೆಗಳಲ್ಲಿ ಆ ಫಲ ಮರಳಿ ಕಾಣಲಿಲ್ಲ. ಮೊದಲನೇ ಸುದ್ದಿ ಪುಸ್ತಕಗಳಲ್ಲಿ ಉಳಿಯುತ್ತೆ, ಎರಡನೆಯದು ಅಲ್ಲಿಗೆ ಬರೋದೇ ಇಲ್ಲ.

‘ಜ್ವರ ಇಳಿಯುವವರೆಗೆ’ ಅನ್ನೋ ಮಾತನ್ನೇ ತಗೊಳ್ಳಿ. ಬೆಂಗಳೂರಿನ ಡೆಂಗಿಯಲ್ಲಿ ಅಪಾಯದ ಘಟ್ಟ ಶುರುವಾಗೋದು ಜ್ವರ ಇಳಿಯೋ ಹೊತ್ತಿಗೇ, ಸಾಮಾನ್ಯವಾಗಿ ಮೂರನೇ ದಿನದಿಂದ ಏಳನೇ ದಿನದೊಳಗೆ. ಪಪ್ಪಾಯಿ ಎಲೆಯ ರಸ ಕುಡಿಸಿ, ಜ್ವರ ಬಿಟ್ಟಿತು ಅಂತ ನೆಮ್ಮದಿಯಾಗಿ ಮಲಗಿದ ರಾತ್ರಿಯೇ ಎಚ್ಚರ ಇರಬೇಕಾದ ರಾತ್ರಿ.

ಅಮೃತಬಳ್ಳಿಯ ಕತೆಯಲ್ಲಂತೂ ನನ್ನ ಮೂರೂ ತಕರಾರು ಒಟ್ಟಿಗೆ ಸಿಗುತ್ತವೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಅದನ್ನು ತಿಂಗಳುಗಟ್ಟಲೆ ಕುಡಿದೆವು. 2021ರಲ್ಲಿ ಮುಂಬೈನ ವೈದ್ಯರು, ಹಾಗೆ ಕುಡಿದ ಆರು ಜನರ ಯಕೃತ್ತಿಗೆ ಪೆಟ್ಟಾಗಿದೆ ಅಂತ ವರದಿ ಮಾಡಿದರು. ಅವರು ಕುಡಿದಿದ್ದು ಅಮೃತಬಳ್ಳಿಯೇ ಅಂತ ಖಾತ್ರಿ ಮಾಡಿಕೊಂಡಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಆಕ್ಷೇಪ ಎತ್ತಿತು. ಯಾರು ಸರಿ ಅಂತ ನಾನು ತೀರ್ಪು ಕೊಡಲಾರೆ. ಆದರೆ ಎರಡೂ ಕಡೆಯವರು ಕೇಳುತ್ತಿರೋದು ಯಾವ ಬಳ್ಳಿ, ಎಷ್ಟು, ಎಷ್ಟು ದಿನ ಅಂತಲೇ. ನನ್ನ ಪುಸ್ತಕದ ಪ್ರಕಾರ ಅದು ‘ನಿರಪಾಯಕಾರಿ, ಯಾರು ಬೇಕಾದರೂ ಸೇವಿಸಬಹುದು’.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ದಿನವಿಡೀ ಕೇಳೋ ಪ್ರಶ್ನೆ ಒಂದೇ: ಇದು ಯಾವಾಗ ಕೆಲಸ ಮಾಡಲ್ಲ? ಪುಸ್ತಕದ ಮುಂದೆ ಕೂತಾಗ ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಟೆಸ್ಟಿಂಗ್ ಅಂದರೇನು ಅಂತ ಗೊತ್ತಿಲ್ಲದ ದೊಡ್ಡಮ್ಮ ಅದನ್ನು ಬಿಟ್ಟು ಬೇರೆ ಕೇಳಲೇ ಇಲ್ಲ. ಆಡುಸೋಗೆ ಕೊಯ್ಯೋ ಮುಂಚೆ ‘ಬಸುರಿಯಾ?’ ಅಂತ ಕೇಳ್ತಾರೆ, ಆಗಿದ್ದರೆ ಕೊಡಲ್ಲ. ವ್ಯಾಸಿಸಿನ್ ಗರ್ಭಕೋಶವನ್ನು ಕುಗ್ಗಿಸುತ್ತೆ ಅನ್ನೋದು ಅವರಿಗೆ ಗೊತ್ತಿಲ್ಲ, ಕೊಡಬಾರದು ಅನ್ನೋದು ಗೊತ್ತು. ನಾವು ಅಜ್ಜಿಯರ ಜ್ಞಾನ ಅಂತ ಬರೆದಿಟ್ಟುಕೊಂಡಿರೋದು ಅವರು ಕೊನೆಗೆ ಕೊಟ್ಟ ಸೊಪ್ಪಿನ ಹೆಸರನ್ನು ಮಾತ್ರ. ಅದಕ್ಕೆ ಮುಂಚೆ ಕೇಳಿದ ಪ್ರಶ್ನೆಗಳನ್ನು ಯಾರೂ ಬರೆದುಕೊಳ್ಳಲಿಲ್ಲ.

ಈಗ ನನ್ನ ಬಾಲ್ಕನಿಯಲ್ಲಿ ಐದು ಕುಂಡ ಇವೆ, ಅಷ್ಟೂ ನನಗೆ ಎಲೆ ನೋಡದೆ ವಾಸನೆಯಲ್ಲಿ, ರುಚಿಯಲ್ಲಿ ಗುರುತು ಸಿಗೋ ಗಿಡಗಳು. ಒಂದೆಲಗ, ದೊಡ್ಡಪತ್ರೆ ಹೆಚ್ಚಾಗಿ ತಂಬುಳಿಗೇ ಹೋಗುತ್ತವೆ. ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಅನ್ನಕ್ಕೆ ಆಯ್ತು. ಮಲೆನಾಡಿನ ಮನೆಮದ್ದಿನ ದೊಡ್ಡ ಪಾಲು ಹೀಗೆ ಊಟದ ಎಲೆಯ ಮೇಲೇ ಇತ್ತು, ಕಾಯಿಲೆಯ ಹೆಸರಿಲ್ಲದೆ. ಹೊಸದಾಗಿ ಕಲಿಯೋರು ಅಲ್ಲಿಂದ ಶುರು ಮಾಡಿದರೆ ಕೆಡುಕಿಲ್ಲ.

ಪುಸ್ತಕವನ್ನು ಎಸೆದಿಲ್ಲ. ‘ಜ್ವರ’ದ ಪುಟದಲ್ಲಿ, ‘ಇಳಿಯುವವರೆಗೆ’ ಅನ್ನೋದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು, ದೊಡ್ಡಮ್ಮ ಹೇಳಿದ ಹಾಗೇ ಪಕ್ಕದಲ್ಲಿ ಬರೆದಿಟ್ಟಿದ್ದೀನಿ: “ಒಂದು ದಿನ ನೋಡು. ಗುಡ್ಡಕ್ಕೆ ಹೋಗಿ ಬಂದವರಾದ್ರೆ ಅದೂ ಬ್ಯಾಡ.”