ಕವಚದ ತಕರಾರು

ಕರೆಂಟ್ ಅಳೆಯುವ ಸೆನ್ಸರ್ ಬಗ್ಗೆ ನಮ್ಮ ಎಂಜಿನಿಯರುಗಳು ಮಾತಿಗೆ ಕೂತರೆ ಮೊದಲು ಬರುವುದು ನಿಖರತೆಯ ಕ್ಲಾಸ್. ಆಮೇಲೆ ಬೆಲೆ. ಆಮೇಲೆ ಸಿಮ್ ಯಾವುದು, ಸರ್ವರ್ ಎಲ್ಲಿ, ಮೊಬೈಲಿನ ಪರದೆಯಲ್ಲಿ ಗ್ರಾಫ್ ಹೇಗೆ ಕಾಣಬೇಕು ಎಂಬ ಚರ್ಚೆ. ಸೆನ್ಸರನ್ನು ಕೇಬಲ್ಲಿಗೆ ಹಿಡಿದಿಡುವ ಕವಚದ ವಿಚಾರಕ್ಕೆ ಯಾರೂ ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಅದೊಂದು ಪ್ಲಾಸ್ಟಿಕ್ ಡಬ್ಬಿ, ಅಚ್ಚು ಹಾಕುವವನು ಮಾಡಿಕೊಡುತ್ತಾನೆ ಎಂದು ಎಲ್ಲರೂ ಒಪ್ಪಿಕೊಂಡಂತಿದೆ. ನನ್ನ ತಕರಾರು ಇಲ್ಲಿಂದಲೇ ಶುರು. ಯಾದಗಿರಿ, ಶಹಾಪುರ, ಸುರಪುರದ ಹೊಲಗಳ ನಡುವೆ ನಿಂತ ಟ್ರಾನ್ಸ್‌ಫಾರ್ಮರುಗಳ, ಅಂದರೆ ಟಿ.ಸಿ.ಗಳ ಮಟ್ಟಿಗಂತೂ ಅಳತೆ ನಿಲ್ಲುವುದೂ ಕೆಡುವುದೂ ಆ ಡಬ್ಬಿಯಲ್ಲೇ. ಒಳಗಿನ ತಾಮ್ರ, ಕಬ್ಬಿಣ, ಚಿಪ್ಪುಗಳ ಸಮಸ್ಯೆ ಎಂದೋ ಬಗೆಹರಿದಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ರಾಜಕೀಯದ್ದು. ಪಂಪ್‌ಸೆಟ್ಟುಗಳ ವಿದ್ಯುತ್ ಲೆಕ್ಕ ಸಿಗದಿರುವುದು ಡಬ್ಬಿಯ ದೋಷದಿಂದಲ್ಲ, ಇಚ್ಛೆಯ ಕೊರತೆಯಿಂದ ಎನ್ನುತ್ತಾರೆ. ಅದರಲ್ಲಿ ಸತ್ಯವಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 55ನೇ ಸೆಕ್ಷನ್, ಎರಡು ವರ್ಷಗಳ ಬಳಿಕ ಮೀಟರ್ ಇಲ್ಲದೆ ಯಾರಿಗೂ ವಿದ್ಯುತ್ ಕೊಡಬಾರದು ಎಂದಿತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಹಣ ಸರಕಾರದ ಸಬ್ಸಿಡಿಯಾಗಿ ವಿದ್ಯುತ್ ಸರಬರಾಜು ಕಂಪನಿಗಳಿಗೆ (ಎಸ್ಕಾಂ) ಬರುತ್ತದೆ. ರಾಜ್ಯದಲ್ಲಿ ಇಂಥ ಪಂಪ್‌ಸೆಟ್ಟುಗಳು 30 ಲಕ್ಷಕ್ಕೂ ಹೆಚ್ಚು. ಎಷ್ಟು ಯೂನಿಟ್ ಹೋಯಿತು ಎಂಬುದು ಬಹುಪಾಲು ಅಂದಾಜು. ಆ ಅಂದಾಜಿನ ಬಗ್ಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತನ್ನ ದರ ಆದೇಶಗಳಲ್ಲಿ ಮತ್ತೆ ಮತ್ತೆ ಪ್ರಶ್ನೆ ಎತ್ತಿದೆ. ಮೀಟರ್ ಬಂದರೆ ಅದರ ಹಿಂದೆಯೇ ಬಿಲ್ ಬರುತ್ತದೆ ಎಂಬ ರೈತರ ಶಂಕೆಗೂ ಆಧಾರವಿಲ್ಲದಿಲ್ಲ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಇಚ್ಛೆ ಇದ್ದು, ಹಣ ಬಂದು, ಟಿ.ಸಿ.ಗೆ ಸೆನ್ಸರ್ ಹಚ್ಚಿದ ದಿನವೂ ಅದು ಸರಿಯಾದ ಅಂಕಿ ಕೊಡಬೇಕಲ್ಲ? ರಾಜಕೀಯದ ವಾದ ಈ ಪ್ರಶ್ನೆಯ ಮುಂದೆ ಸುಮ್ಮನಾಗುತ್ತದೆ.

ಆ ಟಿ.ಸಿ.ಯನ್ನೇ ನೋಡೋಣ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎರೆಭೂಮಿಗೆ ನೀರು ತಂದಿತು. ಕೃಷ್ಣೆ ಮತ್ತು ಭೀಮೆಯ ದಡಗಳಲ್ಲಿ ಪಂಪುಗಳು ಕೂತವು. ಕಾಲುವೆ ಮುಟ್ಟದ ಕಡೆ ಬೋರ್‌ವೆಲ್ ಬಂದವು. ಇವಕ್ಕೆಲ್ಲ ವಿದ್ಯುತ್ ಕೊಡಲು ಈ ಭಾಗದ ಎಸ್ಕಾಂ ಆದ ಜೆಸ್ಕಾಂ ನಿಲ್ಲಿಸಿದ ಟಿ.ಸಿ.ಗಳಲ್ಲಿ 25 ಕೆವಿಎಯವು ಇವೆ, 63ರವು ಇವೆ, 100ರವು ಇವೆ. ಪೂರ್ಣ ಹೊರೆಯಲ್ಲಿ ಇವುಗಳ ಕೆಳ ವೋಲ್ಟೇಜಿನ ಬದಿಯಲ್ಲಿ ಹರಿಯುವುದು ಕ್ರಮವಾಗಿ ಸುಮಾರು 33, 84 ಮತ್ತು 133 ಆಂಪಿಯರ್. ಕರೆಂಟ್ ಬೇರೆಯಾದಂತೆ ಕೇಬಲ್ಲೂ ಬೇರೆ. ಒಂದೇ ಗಾತ್ರದ ಅಲ್ಯೂಮಿನಿಯಂ ಕೇಬಲ್ ಆದರೂ ಒಬ್ಬ ತಯಾರಕನ ಹೊದಿಕೆ ದಪ್ಪ, ಇನ್ನೊಬ್ಬನದು ತೆಳು. ಎಲ್ಲೋ ಒಂದು ಫೇಸಿಗೆ ಎರಡು ಕೇಬಲ್ ಜೋಡಿಸಿರುತ್ತಾರೆ. ಸುಟ್ಟ ತುದಿಗೆ ಟೇಪ್ ಸುತ್ತಿ ದಪ್ಪವಾದದ್ದೂ ಉಂಟು. ಇದಕ್ಕೆಲ್ಲ ಸೇರಿ ಒಂದೇ ತೂತಿನ ಸೆನ್ಸರ್ ಕಳಿಸಿದರೆ ಏನಾಗುತ್ತದೆ? ತೆಳು ಕೇಬಲ್ಲಿನ ಮೇಲೆ ಅದು ಸಡಿಲವಾಗಿ ತೂಗುತ್ತದೆ. ದಪ್ಪ ಕೇಬಲ್ಲಿನ ಮೇಲೆ ಅದರ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಹೊಂದಿಸಿಕೊಳ್ಳಬಲ್ಲ ಕವಚ ಬೇಕು ಎಂಬ ಮಾತು ಹುಟ್ಟಿದ್ದು ಇಲ್ಲಿ. ಅಲ್ಲಿಯವರೆಗೆ ನನಗೂ ಅದರ ತಯಾರಕರಿಗೂ ಜಗಳವಿಲ್ಲ.

ಜಗಳ ಇರುವುದು ‘ಮುಚ್ಚುವುದು’ ಎಂಬ ಕೆಲಸದ ಬಗ್ಗೆ. ಎರಡು ಹೋಳಾಗಿ ಬಿಚ್ಚುವ ಕೋರ್ ಇರುವ ಸೆನ್ಸರನ್ನೇ ತೆಗೆದುಕೊಳ್ಳಿ. ಕೋರಿನ ಸುತ್ತಳತೆ 200 ಮಿ.ಮೀ., ಅದರ ಸಾಪೇಕ್ಷ ಕಾಂತಶೀಲತೆ 4,000 ಎಂದಿಟ್ಟುಕೊಳ್ಳೋಣ. ಕಾಂತಪ್ರವಾಹಕ್ಕೆ 0.05 ಮಿ.ಮೀ. ಗಾಳಿ ದಾಟುವುದೂ ಅದೇ, 200 ಮಿ.ಮೀ. ಕಬ್ಬಿಣ ದಾಟುವುದೂ ಅದೇ. ಅಂದರೆ ಎರಡು ಬಾಯಿಗಳಲ್ಲಿ ತಲಾ 0.025 ಮಿ.ಮೀ. ಸಂದು ಬಿಟ್ಟರೆ ದಾರಿಯ ಪ್ರತಿರೋಧ ಇಮ್ಮಡಿಯಾಗುತ್ತದೆ. ಕೋರನ್ನು ಕಾಂತೀಯಗೊಳಿಸಲೆಂದೇ ಖರ್ಚಾಗುವ ಕರೆಂಟಿನ ಪಾಲು ಹೆಚ್ಚುತ್ತದೆ. ಸೆನ್ಸರಿನ ದೋಷ ಹುಟ್ಟುವುದೇ ಆ ಪಾಲಿನಿಂದ. ದೋಷ ಪ್ರಮಾಣದಲ್ಲಷ್ಟೇ ಇದ್ದರೆ ಸಹಿಸಬಹುದಿತ್ತು, ಅದು ಕರೆಂಟಿಗೂ ವೋಲ್ಟೇಜಿಗೂ ನಡುವಿನ ಕೋನಕ್ಕೂ ತಗಲುತ್ತದೆ. ಪಂಪಿನ ಮೋಟರಿನ ಪವರ್ ಫ್ಯಾಕ್ಟರ್ 0.7 ಇದ್ದಾಗ ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೆ ಯೂನಿಟ್ಟಿನ ಲೆಕ್ಕದಲ್ಲಿ ಸುಮಾರು ಶೇ. 1.8 ತಪ್ಪು. ಬೆಂಗಳೂರಿನ ಕಚೇರಿಯ ದೀಪಗಳನ್ನು ಅಳೆಯುವಾಗ ನಗಣ್ಯವಾದ ಕೋನ ಶಹಾಪುರದ ಪಂಪಿನಲ್ಲಿ ನಗಣ್ಯವಾಗುವುದಿಲ್ಲ.

ಈಗ ಬಿಸಿಲನ್ನು ಸೇರಿಸಿ. ಇಲ್ಲಿ ಬೇಸಿಗೆಯಲ್ಲಿ ನೆರಳಿನಲ್ಲೇ 42–43 ಡಿಗ್ರಿ ಮಾಮೂಲು. ಟಿ.ಸಿ.ಯ ಕೇಬಲ್ಲುಗಳಿರುವ, ಬಿಸಿಲಿಗೆ ನಿಂತ ಕಬ್ಬಿಣದ ಪೆಟ್ಟಿಗೆಯ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಚಳಿಗಾಲದ ನಸುಕಿಗೂ ವೈಶಾಖದ ಮಧ್ಯಾಹ್ನಕ್ಕೂ ಪೆಟ್ಟಿಗೆಯೊಳಗೆ 40 ಡಿಗ್ರಿ ವ್ಯತ್ಯಾಸ ಎಂದರೆ ಅದು ಕಡಿಮೆ ಹಿಡಿದ ಲೆಕ್ಕ. 60 ಮಿ.ಮೀ. ಉದ್ದದ ಪಾಲಿಕಾರ್ಬೊನೇಟ್ ಅಷ್ಟರಲ್ಲಿ ಸುಮಾರು 0.16 ಮಿ.ಮೀ. ಹಿಗ್ಗುತ್ತದೆ, ಅದರ ಪಕ್ಕದ ಉಕ್ಕು 0.03. ಎರಡರ ನಡುವಿನ ಅಂತರ 0.13. ಕೋರಿನ ಎರಡು ಹೋಳುಗಳನ್ನು ಒತ್ತಿ ಹಿಡಿದಿರುವುದು ಪ್ಲಾಸ್ಟಿಕ್ಕೇ ಆಗಿದ್ದರೆ ಈ ಅಂತರ ಎಲ್ಲಿಗೆ ಹೋಗಬೇಕು? ಬಾಯಿಗೆ. ಪೂರ್ತಿ ಹೋಗದಿರಬಹುದು. ಐದನೇ ಒಂದು ಪಾಲು ಹೋದರೂ ಸಾಕು, ಮೇಲೆ ಹೇಳಿದ 0.025 ಬಂದುಬಿಡುತ್ತದೆ. ಕ್ಲಾಸ್ 0.5 ಎಂದು ಮುದ್ರೆ ಒತ್ತಿದ ಸಾಧನ ಮಧ್ಯಾಹ್ನ ಒಂದು ಅಂಕಿ, ಬೆಳಗಿನ ಜಾವ ಇನ್ನೊಂದು ಅಂಕಿ ಕೊಡುತ್ತದೆ.

ತಾಪಮಾನವನ್ನೂ ಅಳೆದು ಸಾಫ್ಟ್‌ವೇರಿನಲ್ಲಿ ತಿದ್ದಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ತಿದ್ದಬಹುದಿತ್ತು, ಪ್ಲಾಸ್ಟಿಕ್ ಪ್ರತಿ ಸಲ ಹಿಗ್ಗಿದಷ್ಟೇ ಕುಗ್ಗುವಂತಿದ್ದರೆ. ಒತ್ತಡದಲ್ಲಿಟ್ಟು ಕಾಯಿಸಿದ ಪ್ಲಾಸ್ಟಿಕ್ ನಿಧಾನವಾಗಿ ಸೋಲುತ್ತದೆ, ಮೊದಲ ಆಕಾರಕ್ಕೆ ಮರಳುವುದಿಲ್ಲ. ಹೋದ ವರ್ಷದ ಸಂದು ಈ ವರ್ಷದ್ದಲ್ಲ. ಅಲ್ಲದೆ ಮುದ್ರೆಯ ಮೇಲೆ ಇಷ್ಟು ಭರವಸೆ ಇಡುವವರು ಅದರ ಹಿಂದಿನ ಕೋಷ್ಟಕವನ್ನೂ ಓದಬೇಕು. ಕ್ಲಾಸ್ 0.5ರ ಶೇ. 0.5 ಮಿತಿ ಇರುವುದು ಪೂರ್ಣ ಕರೆಂಟಿನ ಆಸುಪಾಸಿನಲ್ಲಿ. ಕರೆಂಟ್ ಐದನೇ ಒಂದಕ್ಕೆ ಇಳಿದರೆ ಶೇ. 0.75ರಷ್ಟು, ಇಪ್ಪತ್ತನೇ ಒಂದಕ್ಕೆ ಇಳಿದರೆ ಶೇ. 1.5ರಷ್ಟು ತಪ್ಪನ್ನು ಮಾನದಂಡವೇ ಒಪ್ಪುತ್ತದೆ. ಏಳು ತಾಸು ತ್ರೀಫೇಸ್ ಹರಿದು, ಉಳಿದ ಹೊತ್ತು ನಾಲ್ಕು ದೀಪ ಉರಿಸುವ ಟಿ.ಸಿ. ದಿನದ ಬಹುಪಾಲು ಯಾವ ತುದಿಯಲ್ಲಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಐಇಸಿ 61869 ಹೆಸರಿಸುವ ಸಾಮಾನ್ಯ ತಾಪವರ್ಗಗಳ ಮೇಲಿನ ಮಿತಿಯೂ 40 ಡಿಗ್ರಿಯೇ. ಯಾದಗಿರಿಯ ಏಪ್ರಿಲ್ ಆ ಪಟ್ಟಿಯ ಹೊರಗಿದೆ.

ಹಾಗಾದರೆ ಹೊಂದಿಕೊಳ್ಳುವ ಕವಚ ಎಂದರೆ ಏನು ಹೊಂದಬೇಕು, ಏನು ಹೊಂದಬಾರದು? ಪೇಟೆಯಲ್ಲಿ ಸಿಗುವ ಹಲವು ವಿನ್ಯಾಸಗಳು ಎಡವುವುದು ಈ ಪ್ರಶ್ನೆಯಲ್ಲಿ. ಕೇಬಲ್ಲನ್ನು ಬಿಗಿಯುವುದೂ ಕೋರಿನ ಬಾಯಿಯನ್ನು ಒತ್ತುವುದೂ ಒಂದೇ ಸ್ಕ್ರೂವಿನ ಕೆಲಸ. ಕೇಬಲ್ ದಪ್ಪವಿದ್ದರೆ ಸ್ಕ್ರೂವಿನ ಬಲವೆಲ್ಲ ಕೇಬಲ್ಲಿನ ಹೊದಿಕೆಯನ್ನು ಅಮುಕುವುದರಲ್ಲೇ ಮುಗಿದು ಕೋರಿಗೆ ಪುಡಿಗಾಸು ಉಳಿಯುತ್ತದೆ. ಎತ್ತಿನ ಕೊರಳು ಸಣ್ಣದಿರಲಿ ದೊಡ್ಡದಿರಲಿ, ಹೊಂದಿಸುವುದು ಜತಗಿಯನ್ನು. ನೊಗ ಇದ್ದ ಹಾಗೇ ಇರುತ್ತದೆ. ಸೆನ್ಸರಿನಲ್ಲೂ ಇಷ್ಟೇ ಬೇಕಿರುವುದು. ಕೋರಿನ ಎರಡು ಹೋಳುಗಳು ಕವಚದೊಳಗೆ ಉಕ್ಕಿನ ಸ್ಪ್ರಿಂಗಿನ ಮೇಲೆ ತೇಲುತ್ತಿರಬೇಕು, ಕವಚ ಹಿಗ್ಗಲಿ ಕುಗ್ಗಲಿ ಒಂದೇ ಒತ್ತಡದಲ್ಲಿ ಮುಖಕ್ಕೆ ಮುಖ ಕೂರಬೇಕು. ಕೇಬಲ್ಲಿನ ಗಾತ್ರಕ್ಕೆ ಹೊಂದುವ ಹಿಡಿತ ಅದರಿಂದ ಪೂರ್ತಿ ಬೇರೆ ಇರಬೇಕು. ಎರಡು ಕಡೆಯಿಂದ ಸಮನಾಗಿ ಒಳಸರಿಯುವ ವಿ ಆಕಾರದ ದವಡೆಗಳು ಸಾಕು. ಅವು ಕೇಬಲ್ಲನ್ನು ನಡುಮಧ್ಯಕ್ಕೆ ತಂದು ನೆಟ್ಟಗೆ ನಿಲ್ಲಿಸುತ್ತವೆ. ಈ ಎರಡು ಕೆಲಸಗಳನ್ನು ಬೇರ್ಪಡಿಸದ ಯಾವ ಕವಚವನ್ನೂ, ಅದು ಎಷ್ಟೇ ಗಾತ್ರಗಳಿಗೆ ಹೊಂದಲಿ, ನಾನು ಒಳ್ಳೆಯ ವಿನ್ಯಾಸ ಎನ್ನಲಾರೆ.

ಧೂಳಿನ ವಿಚಾರದಲ್ಲೂ ಇದೇ ಗೊಂದಲ. ಎರೆಮಣ್ಣಿನ ಧೂಳು ಸಣ್ಣದು, ಹತ್ತಿ ಬಿಡಿಸುವ ಕಾಲದಲ್ಲಿ ಎಲ್ಲೆಡೆ ಇರುವಂಥದು. ಅದನ್ನು ತಡೆಯಲು ರಬ್ಬರ್ ಗ್ಯಾಸ್ಕೆಟ್ ಹಾಕುತ್ತಾರೆ, ಐಪಿ 65 ಎಂದು ಮುದ್ರಿಸುತ್ತಾರೆ. ಆ ಗ್ಯಾಸ್ಕೆಟ್ ಎಲ್ಲಿದೆ ಎಂದು ನೋಡಿ. ಕವಚವನ್ನು ಮುಚ್ಚುವ ಬಲ ಗ್ಯಾಸ್ಕೆಟ್ಟಿನ ಮೂಲಕವೇ ಕೋರಿಗೆ ತಲುಪಬೇಕಾದರೆ, ರಬ್ಬರ್ ಬಿಸಿಲಿಗೆ ಗಟ್ಟಿಯಾದಷ್ಟೂ ಬಾಯಿ ತೆರೆದುಕೊಳ್ಳುತ್ತದೆ. ಧೂಳನ್ನು ಹೊರಗಿಟ್ಟ ಕವಚವೇ ಗಾಳಿಯನ್ನು ಒಳಗೆ ಬಿಟ್ಟುಕೊಂಡಂತೆ ಆಯಿತು. ತೇಲುವ ಕೋರಿದ್ದರೆ ಈ ತಾಪತ್ರಯವಿಲ್ಲ.

ನನಗೆ ಎದುರಾಡುವವರಲ್ಲಿ ಗಟ್ಟಿ ವಾದ ಇರುವುದು ಇಬ್ಬರಿಗೆ. ಮೊದಲನೆಯವರು ಹೇಳುವುದು, ಬಿಚ್ಚುವ ಕೋರೇ ಬೇಡ, ಇಡಿಯಾದ ಉಂಗುರದ ಕರೆಂಟ್ ಟ್ರಾನ್ಸ್‌ಫಾರ್ಮರ್ (ಸಿ.ಟಿ.) ಹಾಕಿ, ಸಂದಿನ ಪ್ರಶ್ನೆಯೇ ಇಲ್ಲ ಎಂದು. ಹೊಸದಾಗಿ ನಿಲ್ಲಿಸುವ ಟಿ.ಸಿ.ಗೆ ಅದೇ ಸರಿ, ಅದರ ಮುಂದೆ ನನ್ನ ವಾದ ಸೋಲುತ್ತದೆ. ಆದರೆ ನಿಂತಾಗಿರುವ ಟಿ.ಸಿ.ಗೆ ಉಂಗುರ ತೂರಿಸಬೇಕಾದರೆ ಲೈನ್ ಕ್ಲಿಯರ್ ತೆಗೆದುಕೊಂಡು ಲೈನ್ ನಿಲ್ಲಿಸಬೇಕು, ಕೇಬಲ್ಲಿನ ಲಗ್ ಬಿಚ್ಚಬೇಕು. ಒಮ್ಮೆ ಕಲಕಿದ ಅಲ್ಯೂಮಿನಿಯಂ ಜೋಡಣೆ ಸರಿಯಾಗಿ ಕೂರದಿದ್ದರೆ ಕಾಯುತ್ತದೆ, ಸುಡುತ್ತದೆ. ಅಳೆಯಲು ಹೋಗಿ ಟಿ.ಸಿ.ಯನ್ನೇ ಹಾಳುಮಾಡುವ ದಾರಿ ಇದು. ಎರಡನೆಯವರು ರೋಗೋವ್‌ಸ್ಕಿ ಸುರುಳಿಯ ಅಭಿಮಾನಿಗಳು. 1912ರಿಂದ ಬಲ್ಲ ಉಪಾಯ: ಕಬ್ಬಿಣವಿಲ್ಲ, ಬಳ್ಳಿಯಂತೆ ಬಾಗುತ್ತದೆ, ಯಾವ ದಪ್ಪಕ್ಕೂ ಸುತ್ತಬಹುದು. ಹಾಗಾಗಿ ಕವಚದ ಚಿಂತೆ ಬೇಡ ಎನ್ನುತ್ತಾರೆ. ಇದು ಅವಸರದ ತೀರ್ಮಾನ. ಸುರುಳಿಯ ಎರಡು ತುದಿ ಕೂಡುವ ಜಾಗ ಅದರ ದುರ್ಬಲ ಬಿಂದು. ಕೇಬಲ್ ಆ ಕೊಂಡಿಗೆ ಒತ್ತಿ ಕೂತರೆ ಓದು ಬದಲಾಗುತ್ತದೆ, ಪಕ್ಕದ ಫೇಸಿನ ಕಾಂತಕ್ಷೇತ್ರವೂ ಅಲ್ಲಿಂದಲೇ ನುಸುಳುತ್ತದೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಮೂರು ಫೇಸುಗಳೂ ಮಗ್ಗುಲಿಗೆ ಮಗ್ಗುಲು ಇರುತ್ತವೆ. ಸಾವಿರ ಆಂಪಿಯರಿಗೆ 100 ಮಿಲಿವೋಲ್ಟ್ ಕೊಡುವ ಸುರುಳಿ 10 ಆಂಪಿಯರಿಗೆ ಕೊಡುವುದು ಒಂದೇ ಮಿಲಿವೋಲ್ಟ್ ಎಂಬುದನ್ನೂ ಮರೆಯಬಾರದು. ಕೇಬಲ್ಲನ್ನು ನಡುವೆ ಹಿಡಿಯುವ, ಕೊಂಡಿಯನ್ನು ಪಕ್ಕದ ಫೇಸಿನಿಂದ ದೂರ ತಿರುಗಿಸಿಡುವ ಕವಚ ಸುರುಳಿಗೂ ಬೇಕು.

ಇನ್ನು ಕವಚದ ವಸ್ತುವಿನ ಮಾತು. ಕಾಲೇಜು ಪ್ರಾಜೆಕ್ಟುಗಳ ಉತ್ಸಾಹ ನನಗೆ ಇಷ್ಟ. ಆದರೆ ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡಿದ ಕವಚವನ್ನು ‘ಫೀಲ್ಡ್ ರೆಡಿ’ ಎಂದು ತೋರಿಸಿದಾಗ ನಗು ತಡೆಯಲಾಗುವುದಿಲ್ಲ. ಅದು 60 ಡಿಗ್ರಿಯ ಹತ್ತಿರ ಮೆತ್ತಗಾಗುವ ವಸ್ತು. ಎಬಿಎಸ್ ತಾಪ ತಾಳುತ್ತದೆ, ಬಿಸಿಲಿನ ನೇರಳಾತೀತ ಕಿರಣಕ್ಕೆ ಸೀಳುತ್ತದೆ.

ಕೊನೆಗೆ ಪವರ್‌ಮ್ಯಾನ್‌ನ ಕೈ. ವಿನ್ಯಾಸದ ಚಿತ್ರಗಳಲ್ಲಿ ಈ ಕೈ ಇರುವುದೇ ಇಲ್ಲ. ರಬ್ಬರ್ ಗ್ಲೌಸ್ ತೊಟ್ಟ ಕೈ, ಕಿಸೆಯಲ್ಲಿ ಕಟಿಂಗ್ ಪ್ಲೇಯರು, ಟೆಸ್ಟರು. ಅವನಿಗೆ ಸಣ್ಣ ಅಲೆನ್ ಸ್ಕ್ರೂ ಕೊಟ್ಟರೆ ಅದು ಕೆಳಗೆ ಬೀಳುತ್ತದೆ, ಮುಂದಿನ ಸಲದಿಂದ ಕವಚವನ್ನು ಬೈಂಡಿಂಗ್ ವೈರಿನಲ್ಲಿ ಕಟ್ಟುತ್ತಾನೆ. ಕೇಬಲ್ಲಿಗೆ ಕಚ್ಚಿಸಿ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಇಷ್ಟು ದಶಕ ಬಾಳಿದ್ದು ಒಂದೇ ಕೈಯಲ್ಲಿ ಒತ್ತಿ ಬಿಡಬಹುದು ಎಂಬ ಕಾರಣಕ್ಕೆ. ಸುರಕ್ಷತೆಯೂ ಇಲ್ಲೇ ಇದೆ: 5 ಆಂಪಿಯರ್ ಸೆಕೆಂಡರಿಯ ಸಿ.ಟಿ.ಯ ತಂತಿ ಲೈನ್ ಇರುವಾಗ ಕಳಚಿದರೆ ಆ ತುದಿಯಲ್ಲಿ ಅಪಾಯದ ವೋಲ್ಟೇಜ್ ಏಳುತ್ತದೆ. ಹೊರೆಯ ರೆಸಿಸ್ಟರನ್ನು ಕವಚದೊಳಗೇ ಹುದುಗಿಸಿ 333 ಮಿಲಿವೋಲ್ಟ್ ಹೊರಬಿಡುವ ಮಾದರಿಗಳಲ್ಲಿ ಈ ಭಯವಿಲ್ಲ. ಇಲ್ಲಿಗೆ ಬೇಕಾದದ್ದು ಅದೇ.

ಸಬ್‌ಸ್ಟೇಷನ್ನಿನ ಫೀಡರ್ ಮೀಟರ್ ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಸಬ್ಸಿಡಿಯ ಲೆಕ್ಕಕ್ಕೆ ಅದು ಸಾಕಾದೀತು. ಆದರೆ ಯಾವ ಟಿ.ಸಿ.ಯ ಯಾವ ಫೇಸ್ ಹೊರೆ ಮೀರಿದೆ ಎಂದು ಅದು ಹೇಳುವುದಿಲ್ಲ. ಸಿಂಗಲ್ ಫೇಸಿನ ಹೊತ್ತಿನಲ್ಲಿ ಕನ್ವರ್ಟರ್ ಹಚ್ಚಿ ಮೋಟರ್ ನಡೆಸಿದಾಗ ಒಂದು ಫೇಸು ಕಾದು ಟಿ.ಸಿ. ಸುಟ್ಟರೆ, ಬದಲಿ ಬರುವವರೆಗೆ ಒಣಗುವುದು ಬೆಳೆ. ಟಿ.ಸಿ.ಯ ಮೇಲಿನ ಸೆನ್ಸರ್ ಯಾವ ಒಬ್ಬ ರೈತನನ್ನೂ ಅಳೆಯುವುದಿಲ್ಲ, ಅವರೆಲ್ಲರ ಟಿ.ಸಿ.ಯನ್ನು ಕಾಯುತ್ತದೆ. ರೈತ ಸಂಘಗಳೂ ಈ ವ್ಯತ್ಯಾಸ ಗಮನಿಸಬೇಕು.

ಆದ್ದರಿಂದ ಜೆಸ್ಕಾಂಗೂ ಅದರ ಟೆಂಡರ್ ಬರೆಯುವವರಿಗೂ ನನ್ನ ಕೋರಿಕೆ ಇಷ್ಟು: ಕ್ಲಾಸ್ ಪ್ರಮಾಣಪತ್ರದ ಜತೆ, ಸೆನ್ಸರನ್ನು ಅದರ ಕವಚದೊಳಗೇ ಇಟ್ಟು, ಅತಿ ತೆಳುವಾದ ಮತ್ತು ಅತಿ ದಪ್ಪವಾದ ಕೇಬಲ್ಲಿನ ಮೇಲೆ, 15 ಡಿಗ್ರಿಯಲ್ಲೂ 70 ಡಿಗ್ರಿಯಲ್ಲೂ, ನೂರು ಸಲ ತೆರೆದು ಮುಚ್ಚಿದ ಮೇಲೆ ತೆಗೆದ ಓದುಗಳನ್ನು ಕೇಳಿ. ಕೊಡಲಾಗದ ಮಾರಾಟಗಾರನ ಬೆಲೆಯ ಲಕೋಟೆಯನ್ನು ತೆರೆಯಬೇಡಿ.