ಖಾಯಂ ವಿಳಾಸ, ಈಗಿನ ವಿಳಾಸ

ಬ್ಯಾಂಕಿನ ಅರ್ಜಿ ನಮೂನೆಯಲ್ಲಿ ವಿಳಾಸಕ್ಕೆ ಎರಡು ಅಂಕಣಗಳಿರುತ್ತವೆ: ಖಾಯಂ, ಈಗಿನದು. ರಜೆಯಲ್ಲಿ ಊರಿಗೆ ಬಂದ ಮುಂಬಯಿ, ಬೆಂಗಳೂರಿನ ಹುಡುಗರು ಕಾಸರಗೋಡಿನ ನಮ್ಮ ಶಾಖೆಯಲ್ಲಿ ಮೊದಲನೆಯದನ್ನು ಒಂದೇ ಉಸಿರಿಗೆ ತುಂಬಿ, ಎರಡನೆಯದರ ಮುಂದೆ ಪೆನ್ನು ಹಿಡಿದು ಕೂರುತ್ತಾರೆ. ಯಶವಂತ ಚಿತ್ತಾಲರ 'ಶಿಕಾರಿ' (1979), ಆನಂದ್ ಅವರ ಮಲಯಾಳ ಕಾದಂಬರಿ 'ಆಳ್‌ಕ್ಕೂಟ್ಟಂ' (1970) ಇವೆರಡನ್ನೂ ಈಚೆಗೆ ಒಂದರ ಬೆನ್ನಿಗೆ ಒಂದರಂತೆ ಮತ್ತೆ ಓದುವಾಗ ನನಗೆ ಈ ನಮೂನೆಯೇ ನೆನಪಾಗುತ್ತಿತ್ತು.

ಎರಡೂ ಮುಂಬಯಿಯ ಕಾದಂಬರಿಗಳು. ಬರೆದವರಲ್ಲಿ ಒಬ್ಬರು ರಸಾಯನ ತಂತ್ರಜ್ಞರು, ಇನ್ನೊಬ್ಬರು ಎಂಜಿನಿಯರ್. ನಮ್ಮ ವಿಮರ್ಶೆ ಇಂಥ ಕೃತಿಗಳನ್ನು 'ಪರಕೀಯತೆ', 'ಅನಾಥಪ್ರಜ್ಞೆ' ಎಂಬ ಎರಡು ಮೊಳೆಗಳಿಗೆ ತೂಗುಹಾಕಿ ಕೈತೊಳೆದುಕೊಳ್ಳುತ್ತದೆ. ಊರು ಒಳ್ಳೆಯದು, ನಗರ ಕೆಟ್ಟದ್ದು ಎಂಬ ಹಳೆಯ ಲೆಕ್ಕವೇ ಇಂಥ ಓದಿನ ಕೆಳಗೂ ಕೂತಿರುತ್ತದೆ.

'ಶಿಕಾರಿ'ಯನ್ನು ಹಾಗೆ ಓದಲು ಬರುವುದಿಲ್ಲ. ಉತ್ತರ ಕನ್ನಡದಿಂದ ಬಂದು ದೊಡ್ಡ ಕಂಪನಿಯಲ್ಲಿ ಮೇಲಿನ ಹುದ್ದೆಗೇರಿದ ನಾಗಪ್ಪ, ಆರೋಪವೇನೆಂದು ತಿಳಿಯದೆಯೇ ಕೆಲಸದಿಂದ ಅಮಾನತಾಗುತ್ತಾನೆ. ಅವನನ್ನು ಬೇಟೆಯಾಡುವವರಲ್ಲಿ ಕಂಪನಿಯ ಧಣಿಗಳಷ್ಟೇ ಇದ್ದಿದ್ದರೆ ಅದು ನಗರದ ಕ್ರೌರ್ಯದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಅಲ್ಲಿ ಶ್ರೀನಿವಾಸನೂ ಇದ್ದಾನೆ, ಊರಿನವನು, ಹಿಂದಿನದೆಲ್ಲ ಬಲ್ಲವನು. ಪರಿಚಯವೇ ಅವನ ಕೈಯ ಆಯುಧ. ಊರು ಬಿಟ್ಟು ಬಂದವನ ಬೆನ್ನಿಗೆ ಖಾಯಂ ವಿಳಾಸ ರೈಲು ಹತ್ತಿ ಬಂದಿದೆ. ಚಿತ್ತಾಲರು ತಮ್ಮ ಹನೇಹಳ್ಳಿಯನ್ನು ಎಷ್ಟು ಹಂಬಲಿಸಿ ಬರೆದವರು! ಅವರೇ ಇಲ್ಲಿ ಊರನ್ನು ಭಯದ ಮೂಲವಾಗಿ ಕಂಡದ್ದು ಕಾದಂಬರಿಯ ದೊಡ್ಡ ಧೈರ್ಯವೆಂದು ನನಗನ್ನಿಸುತ್ತದೆ. ನಾಗಪ್ಪನ ಆತ್ಮಶೋಧನೆ ಕೆಲವೆಡೆ ಉದ್ದವಾಯಿತು ಎಂಬ ದೂರನ್ನು ಒಪ್ಪುತ್ತೇನೆ. ಆದರೆ ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದವನ ಯೋಚನೆ ಸಂಕ್ಷಿಪ್ತವಾಗಿ ಇರುವುದಾದರೂ ಹೇಗೆ?

'ಆಳ್‌ಕ್ಕೂಟ್ಟಂ' ಎಂದರೆ ಜನಸಂದಣಿ. ಇಲ್ಲಿ ಓದಿದ ಯುವಕ ಯುವತಿಯರು ದೇಶದ ಬೇರೆ ಬೇರೆ ಮೂಲೆಗಳಿಂದ ಬಂದಿದ್ದಾರೆ. ಅವರಿಗೆ ಈಗಿನ ವಿಳಾಸ ಮಾತ್ರ. ಕಾಲೇಜಿನಲ್ಲಿದ್ದಾಗ ಕಷ್ಟಪಟ್ಟು ಓದಿ, 'ಇದರಲ್ಲಿ ಒಂದು ತೆಂಗಿನ ಮರವೂ ಇಲ್ಲ' ಎಂದು ಬದಿಗಿಟ್ಟಿದ್ದೆ. ನಾನು ಕನ್ನಡ ಮಾಧ್ಯಮದವನು. ಮಲಯಾಳದ ಓದು ಆಗಿನ್ನೂ ಕುಂಟುತ್ತಿತ್ತು. ತಪ್ಪು ಮಲಯಾಳದ್ದಲ್ಲ, ವಯಸ್ಸಿನದು ಎಂದು ತಿಳಿದದ್ದು 2003ರಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿಗೆ ಹೋದ ಮೇಲೆ.

ಡೊಂಬಿವಲಿಯ ಒಂದು ಕೋಣೆಯಲ್ಲಿ ನಾವು ನಾಲ್ವರು. ಕಾರ್ಕಳದ ಇಬ್ಬರಿಗೆ ನಾನು ಕೇರಳದವನು, ಕಣ್ಣೂರಿನವನಿಗೆ ಕನ್ನಡದವನು. ಊರಿನಲ್ಲಿ ಈ ಮಾತಿಗೆ ರಕ್ತ ಬಿಸಿಯಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಯಾವ ಕಡೆಯವನು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬೆಳೆದವರು ನಾವು. ಅಲ್ಲಿ ಆ ಪ್ರಶ್ನೆ ಊಟದ ಹೊತ್ತಿನ ತಮಾಷೆ. ಬೆಳಿಗ್ಗೆ ಲೋಕಲ್ ಹತ್ತಿದ ಮೇಲೆ ಅದೂ ಇಲ್ಲ. ಯಾರೂ ಏನೂ ಕೇಳುವುದಿಲ್ಲ. ಮೊದಲ ವಾರ ಹೆದರಿದೆ, ಆಮೇಲೆ ಹಗುರಾದೆ. ಆನಂದ್ ಅವರದು ತಣ್ಣಗಿನ ಬರವಣಿಗೆ ಎನ್ನುವವರಿಗೆ ಈ ಹಗುರವೂ ಅದರೊಳಗಿರುವುದು ಕಾಣುವುದಿಲ್ಲ. ಮೂರು ವರ್ಷಗಳ ಬಳಿಕ ಮರಳಿ ಬಂದೆ. ತಂದೆಯ ಕಾಯಿಲೆಯಿಂದ ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಅರ್ಧ ನಿಜ. ಕೇಳುವವರೇ ಇಲ್ಲದೆ ಹೋದರೆ ಉತ್ತರ ಮರೆತುಹೋದೀತೆಂಬ ದಿಗಿಲೂ ಇತ್ತು.

ಜಯಂತ ಕಾಯ್ಕಿಣಿಯವರ ಮುಂಬಯಿ ಇವೆರಡಕ್ಕಿಂತ ಬೇರೆ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆಯ ಪೋಪಟ, ಅಸಾವರಿ ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರು ಹೇಗಿರಬೇಕೆಂದು ಚರ್ಚಿಸುತ್ತಾರೆ. ಅವರಿಗೆ ಪರಸ್ಪರರೇ ವಿಳಾಸ. ಇದೇ ಹೆಸರಿನ ಇಂಗ್ಲಿಷ್ ಅನುವಾದದ ಸಂಕಲನಕ್ಕೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂತು, ಸಂತೋಷ. ಆದರೂ ಅವರ ಕಥೆಗಳ ಅಪರಿಚಿತರು ಕೆಲವೊಮ್ಮೆ ತುಸು ಬೇಗನೆ ಕೈ ಚಾಚುತ್ತಾರೆ ಎಂದು ನನ್ನ ತಕರಾರು. ನನ್ನ ಕೋಣೆಯವರು ಒಳ್ಳೆಯವರೇ. ಆದರೆ ಜ್ವರ ಬಂದಾಗ ಗಂಜಿ ಮಾಡಿ ಕೊಡಲು ಅವರಿಗೆ ಎಂಟು ತಿಂಗಳು ಬೇಕಾಯಿತು.

ಈ ವರ್ಷ ಅಕ್ಕನ ಮಗ ಬೆಂಗಳೂರಿಗೆ ಹೊರಟಿದ್ದಾನೆ. ಅವನ ಚೀಲದಲ್ಲಿಡಲು 'ಶಿಕಾರಿ'ಯನ್ನು ತೆಗೆದಿಟ್ಟಿದ್ದೆ. ಅವನು ಮಲಯಾಳ ಮಾಧ್ಯಮದಲ್ಲಿ ಕಲಿತವನು; ಕನ್ನಡವನ್ನು ಮನೆಯಲ್ಲಿ ಚೆನ್ನಾಗಿ ಆಡುತ್ತಾನೆ, ಓದುವಾಗ ತಡವರಿಸುತ್ತಾನೆ. ಮೊದಲ ಪುಟವನ್ನು ಗಟ್ಟಿಯಾಗಿ ಓದಿಸಿದೆ. ಹತ್ತು ನಿಮಿಷ ಹಿಡಿಯಿತು. ಪುಸ್ತಕ ಹಿಂದಕ್ಕೆ ಕೊಡಲಿಲ್ಲ, ಬಟ್ಟೆಗಳ ನಡುವೆ ಇಟ್ಟುಕೊಂಡ. ಪಕ್ಕದಲ್ಲಿ 'ಆಳ್‌ಕ್ಕೂಟ್ಟಂ' ನಾನೇ ಇಟ್ಟೆ.